ಸೆರಗಿನ ಗಂಟು, ಕದವಿಲ್ಲದ ಅರಮನೆ

ಮಾಳಮಡ್ಡಿಯ ಓಣಿಗಳಲ್ಲಿ ಇನ್ನೂ ಮುಖ ಗುರುತು ಸಿಗದಷ್ಟೇ ಬೆಳಕು. ಸ್ಟೇಷನ್ನಿನ ಕಡೆಯಿಂದ ಗಾಡಿಯ ಸೀಟಿ ಕೇಳಿಬಂದು ನಿಂತಿದೆ. ಅಂಗಳಕ್ಕೆ ನೀರು ಹೊಡೆದ ಕೈಗಳು ಚಳಿಗೆ ಸೆಟೆದಿವೆ. ಇಂಥ ಹೊತ್ತಿನಲ್ಲಿ ಓಣಿಯ ತುದಿಯಿಂದ ಒಂದು ದನಿ ಏಳುತ್ತದೆ.

"ಸುಹಾಸಿನೀ... ಸಾಲಿ ಹೊತ್ತಾತವ್ವಾ..."

ನನ್ನ ಮಗಳು ಹಾಲಿನ ವಾಟಗವನ್ನು ಅರ್ಧಕ್ಕೇ ಇಟ್ಟು, ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಓಡುತ್ತಾಳೆ. ಬಾಗಿಲಲ್ಲಿ ಉಡಚವ್ವ ನಿಂತಿದ್ದಾಳೆ. ಗಿಡ್ಡ ಆಳು, ಹಣೆಯ ಮೇಲೆ ಭಂಡಾರದ ಹಳದಿ, ಬರಿಗಾಲು. ಮಗಳ ತಲೆಯ ಮೇಲೆ ಕೈಯಿಟ್ಟು, ಇನ್ನೊಂದು ಕೈಯಿಂದ ತನ್ನ ಸೆರಗಿನ ಅಂಚನ್ನು ಎತ್ತಿ ಒಂದು ಗಂಟು ಹಾಕುತ್ತಾಳೆ. ಹಾಕಿದ ಮೇಲೆ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾಳೆ. ಆಮೇಲೆಯೇ ಮುಂದಿನ ಬಾಗಿಲು.

ಮುಂದಿನದು ಬಿಂದುಮಾಧವರಾಯರ ಮನೆ. ರಾಯರು ಕಚೇರಿಯಲ್ಲಿ ಕಾರಕೂನರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ದ್ವಾರಕಾ, ಚಿಕ್ಕವಳು ಚಂಪಾ. ಆ ಬಾಗಿಲಲ್ಲಿ ಉಡಚವ್ವ ಎರಡು ಸಲ ಕರೆಯುತ್ತಾಳೆ, ಎರಡು ಗಂಟು ಹಾಕುತ್ತಾಳೆ. ಮೊದಲು ಅಲ್ಲಿ ಒಂದೇ ಗಂಟು ಬೀಳುತ್ತಿತ್ತು. ಈಗ ಯಾಕೆ ಎರಡು ಎಂಬುದನ್ನು ಹೇಳುವುದಕ್ಕೇ ಇಷ್ಟೂ ಬರೆಯುತ್ತಿದ್ದೇನೆ.

ಊರಲ್ಲಿ ಹೆಣ್ಣುಮಕ್ಕಳ ಸಾಲಿ ಇದೆ ಎಂದು ಎಲ್ಲರಿಗೂ ಗೊತ್ತು. ಕಲಿಸುವ ಬಾಯಿಯವರ ಹೆಸರು ಗೊತ್ತು, ಕಟ್ಟಡಕ್ಕೆ ಕೈಯೆತ್ತಿ ಕೊಟ್ಟವರ ಹೆಸರು ಕಲ್ಲಿನ ಮೇಲಿದೆ. ಆದರೆ ಮನೆಯಿಂದ ಸಾಲಿಯವರೆಗಿನ ದಾರಿಯೊಂದು ಇದೆಯಲ್ಲ, ಅದರ ಹೊಣೆ ಯಾರದು? ಹತ್ತು ವರ್ಷದ ಹುಡುಗಿಯನ್ನು ಒಬ್ಬಳನ್ನೇ ಬೀದಿಗೆ ಬಿಡುವ ಧೈರ್ಯ ನಮ್ಮಲ್ಲಿ ಯಾವ ತಾಯಿಗೆ ಇದೆ? ಕರೆಯುವ ಹೆಂಗಸು ಬಾಗಿಲಿಗೆ ಬಂದರೆ ಹುಡುಗಿ ಸಾಲಿಗೆ ಹೋಗುತ್ತಾಳೆ, ಬಾರದಿದ್ದರೆ ಅಂದು ಮನೆಯಲ್ಲೇ ಉಳಿಯುತ್ತಾಳೆ. ನಮ್ಮ ಓಣಿಯ ಎಷ್ಟೋ ಹುಡುಗಿಯರು ನಾಲ್ಕಕ್ಷರ ಕಲಿತದ್ದು ಉಡಚವ್ವನ ಕಾಲಿನ ಬಲದಿಂದ.

ಉಡಚವ್ವನ ತವರು ಮುಗದ. ತಂದೆ ಊರವರ ಆಡು ಮೇಯಿಸುತ್ತಿದ್ದ. ಗಂಡ ಗಂಗಪ್ಪ ಸ್ಟೇಷನ್ನಿನಲ್ಲಿ ಹಮಾಲಿ. ಮಹಾಯುದ್ಧ ಮುಗಿದ ವರ್ಷ ಬಂದ ಜ್ವರ ಅವನನ್ನು ಒಯ್ದಿತು. ಕಂಕುಳಲ್ಲಿ ಕೂಸು ಸತ್ಯವ್ವ. ಮೊದಲು ಸಾಲಿಯ ಅಂಗಳ ಗುಡಿಸಲು ಬಂದವಳು, ಕರೆಯುವ ಮುದುಕಿ ತೀರಿಕೊಂಡ ಮೇಲೆ ಕರೆಯುವ ಕೆಲಸಕ್ಕೆ ನಿಂತಳು. ಆಗ ಓಣಿಯ ಕಟ್ಟೆಗಳ ಮೇಲೆ ಕುಳಿತವರು ಸುಮ್ಮನಿರಲಿಲ್ಲ.

"ಬಂದ್ಲು ನೋಡ್ರಿ, ಹೆಣ್ಣಮಕ್ಕಳನ್ನ ಕೆಡಸಾಕಿ ಅಂತಿದ್ರು" ಎಂದು ಉಡಚವ್ವ ನಗುತ್ತಾಳೆ. "ಈಗ ಅವರ ಮಮ್ಮಕ್ಕಳನ್ನೂ ನಾನ ಕರಕೊಂಡ ಹೊಂಟೇನಿ. ಕೆಟ್ಟಾರೇನು, ನೀವ ಹೇಳ್ರಿ."

ಪ್ಲೇಗಿನ ವರ್ಷಗಳಲ್ಲಿ ಇಲಿ ಬಿದ್ದವೆಂದು ಮನೆ ಬಿಟ್ಟು ಊರ ಹೊರಗೆ ಝೋಪಡಿ ಹಾಕಿಕೊಂಡಾಗ, ಅಲ್ಲಿಗೂ ಬಂದು ಕರೆದವಳು ಇವಳೇ. ಸತ್ಯವ್ವ ಸಾಲಿಗೆ ಹೋಗಲಿಲ್ಲವೇ ಎಂದು ಒಮ್ಮೆ ಕೇಳಿದೆ. "ಆಕೀನ್ನ ಕರಿಯಾಕ ಯಾರ ಬರತಿದ್ರು ಅವ್ವಾರ?" ಎಂದಳು.

ದಿನಕ್ಕೆ ಎಷ್ಟು ಹುಡುಗಿಯರು ಎಂದು ಮಾತ್ರ ಅವಳನ್ನು ಕೇಳಬಾರದು. ಕೇಳಿದರೆ ಬಾಯಿಯ ಮೇಲೆ ಕೈಯಿಡುತ್ತಾಳೆ.

"ಕೂಸುಗಳನ್ನ ಎಣಿಸಬಾರದರೀ ಅವ್ವಾರ. ನಮ್ಮಪ್ಪ ಆಡೂ ಎಣಿಸ್ತಿರಲಿಲ್ಲ. ಎಣಿಸಿದ್ರ ಒಂದು ಕಡಿಮಿ ಬೀಳತೈತಿ."

ಆದ್ದರಿಂದ ನಾನೂ ಇಲ್ಲಿ ಎಣಿಕೆ ಬರೆಯುವುದಿಲ್ಲ. ಎಣಿಸದವರಿಗೆ ಗಂಟೇ ಗತಿ. ಅವಳ ತಂದೆ ಬೆಳಿಗ್ಗೆ ಬಾಗಿಲು ಬಾಗಿಲಿಗೆ ಹೋಗಿ ಆಡು ಬಿಡಿಸಿಕೊಳ್ಳುವಾಗ ಧೋತರದ ಅಂಚಿಗೆ ಬಾಗಿಲಿಗೊಂದು ಗಂಟು ಹಾಕುತ್ತಿದ್ದನಂತೆ. ಸಂಜೆ ಆಯಾ ಮನೆಯ ಹಟ್ಟಿಗೆ ಆಡು ಹೊಕ್ಕ ಮೇಲೆ ಗಂಟು ಬಿಚ್ಚುವುದು. ಮಗಳು ಅದನ್ನೇ ಧಾರವಾಡಕ್ಕೆ ತಂದಳು. ಬೆಳಿಗ್ಗೆ ಗಂಟು ಬೀಳುತ್ತ ಬೀಳುತ್ತ ಸೆರಗು ಮೋಟಾಗಿ, ತಲೆಯ ಮೇಲೆ ನಿಲ್ಲದೆ ಹೆಗಲಿಗೆ ಇಳಿಯುತ್ತದೆ. ಬರಿದಲೆಯಲ್ಲಿ ನಡೆಯುತ್ತಾಳೆಂದು ಅದಕ್ಕೂ ಮಾತು ಕೇಳಿದ್ದಾಳೆ. ಸಾಲಿ ಬಿಟ್ಟ ಮೇಲೆ ಒಬ್ಬೊಬ್ಬರನ್ನೇ ಮನೆ ಮುಟ್ಟಿಸುತ್ತ, ಒಂದೊಂದೇ ಗಂಟು ಬಿಚ್ಚುತ್ತ ಬರುತ್ತಾಳೆ. ಕಡೆಯ ಬಾಗಿಲಲ್ಲಿ ಕಡೆಯ ಗಂಟು ಬಿಚ್ಚಿದಾಗ ಸೆರಗು ಮತ್ತೆ ಉದ್ದವಾಗಿರುತ್ತದೆ. ಅದನ್ನು ಕೊಡವಿ, ತಲೆ ತುಂಬ ಹೊದ್ದು ಮನೆಗೆ ಹೋಗುತ್ತಾಳೆ. ಸೆರಗಿನಲ್ಲಿ ಒಂದು ಗಂಟು ಉಳಿದಿದ್ದರೂ ಊಟಕ್ಕೆ ಕೂಡುವವಳಲ್ಲ.

ಇಷ್ಟು ವರ್ಷ ಈ ಲೆಕ್ಕ ತಪ್ಪಿರಲಿಲ್ಲ. ವಿಜಾಪುರದ ಮಾತು ಬಂದ ಮೇಲೆ ತಪ್ಪಿತು.

ಸಾಲಿಯ ಮುಖ್ಯಸ್ಥೆ ಅಂಬಾಬಾಯಿಯವರು ದೀಪಾವಳಿಯ ಮುಂದೆ ಆದಿಲಶಾಹಿ ಅರಸರ ಪಾಠ ಮಾಡುತ್ತಿದ್ದರು. ಅರಕಿಲ್ಲೆ ಎಂದರೆ ಏನು, ಕಂದಕ ಎಂದರೆ ಏನು, ಗಗನ ಮಹಲ್ ಎಷ್ಟು ಎತ್ತರ ಎಂದು ಹುಡುಗಿಯರು ಕೇಳಿದರಂತೆ. ಬಾಯಿಯವರು ಪುಸ್ತಕ ಮುಚ್ಚಿ, "ಡಿಸೆಂಬರದ ನಾತಾಳ ಸೂಟಿಯೊಳಗ ಹೋಗಿ ನೋಡಿ ಬರೋಣ" ಎಂದುಬಿಟ್ಟರು. ಹುಬ್ಬಳ್ಳಿ, ಗದಗು, ಅಲ್ಲಿ ಗಾಡಿ ಬದಲಿಸಿ ವಿಜಾಪುರ. ಅಲ್ಲಿಯ ಹೆಣ್ಣುಮಕ್ಕಳ ಸಾಲಿಯಲ್ಲಿ ವಸತಿ. ಮನೆ ಬಿಟ್ಟು ಬೇರೆ ಊರಲ್ಲಿ ಮಲಗುವ ಪ್ರವಾಸ ನಮ್ಮ ಹುಡುಗಿಯರಿಗೆ ಇದೇ ಮೊದಲು.

ಮಾತು ಓಣಿಗೆ ಬಂದದ್ದೇ ತಡ, ಪ್ರತಿ ಮನೆಯ ಒಲೆಯ ಮುಂದೆ ಭಯವೂ ಬಂದು ಕುಳಿತಿತು. ಗದಗಿನ ಸ್ಟೇಷನ್ನಿನ ಗದ್ದಲದಲ್ಲಿ ಕೈ ತಪ್ಪಿದರೆ? ಊರಿಗೆ ವಾಂತಿಭೇದಿಯ ಪಟಕಿ ಬೇನೆ ಬಂದಿದ್ದರೆ? ಯಾರ ನೀರು, ಯಾವ ಕೊಡ? ಪಾಳು ಅರಮನೆಯ ಮೆಟ್ಟಿಲು ಕಾಲ ಕೆಳಗೇ ಕುಸಿದರೆ? ನನಗಂತೂ ಬಾವಿಯ ಭಯ. ಹಳೆಯ ಕೋಟೆಗಳಲ್ಲಿ ಹುಲ್ಲು ಮುಚ್ಚಿದ ಬಾವಿ ಇರುತ್ತವೆಂದು ಯಾರೋ ಹೇಳಿದ್ದು ಕಿವಿಯಲ್ಲೇ ಉಳಿದಿದೆ. ಭಕ್ಕರಿ ತಟ್ಟುವಾಗ, ಮಗಳ ಜಡೆ ಹೆಣೆಯುವಾಗ, ಹುಲ್ಲು ಮುಚ್ಚಿದ ಆ ಬಾವಿಯೇ ಕಣ್ಣ ಮುಂದೆ.

ಕಡೆಗೆ ಎಲ್ಲ ಮನೆಗಳಿಂದಲೂ ಒಂದೇ ಉತ್ತರ ಹೋಯಿತು: ಉಡಚವ್ವ ಜೊತೆಗೆ ಹೋದರೆ ಕಳಿಸುತ್ತೇವೆ, ಇಲ್ಲದಿದ್ದರೆ ಇಲ್ಲ. ಉಡಚವ್ವನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅವಳು ತಾನಾಗಿಯೇ, ವಿಜಾಪುರ ಹೇಗಿದೆ ಎಂದು ಕೇಳಲು ಹೊರಟಳು. ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುವ ಮಲ್ಲಿಕಸಾಬ ವಿಜಾಪುರದವನು. ಅವನ ತಂಗಿ ಶಮೀಮ ಈಗಲೂ ಅರಕಿಲ್ಲೆಯ ಹತ್ತಿರ ಇದ್ದಾಳೆ. ಸಾಲಿಗೆ ಚಾಪೆ ತಂದಿಳಿಸಿದ ಅವನನ್ನು ಉಡಚವ್ವ ಗೇಟಿನಲ್ಲೇ ಹಿಡಿದು ನಿಲ್ಲಿಸಿದಳು. ಪ್ರವಾಸದ ಬಗ್ಗೆ ಬಾಯಿಯವರನ್ನು ಕೇಳಲು ಹೋಗಿದ್ದ ನಾನು ಅಲ್ಲೇ ಇದ್ದೆ. ಮಲ್ಲಿಕಸಾಬ ಚಾವಟಿಯ ಹಿಡಿಕೆಯಿಂದ ಮಣ್ಣಿನಲ್ಲಿ ಒಂದು ದುಂಡು ಗೆರೆ ಎಳೆದ.

"ಇದು ಕಂದಕ, ಉಡಚಕ್ಕಾ. ಒಳಗ ಅರಕಿಲ್ಲೆ. ಅರಸರು ಇರತಿದ್ದದ್ದು ಇಲ್ಲೆ."

"ಕಂದಕದಾಗ ನೀರು ಭಾಳ ಐತೇನು?"

"ನೀರಿಗಿಂತ ಜಾಲಿ ಭಾಳ."

"ಹಾವು?"

"ಇರತಾವ. ನೀ ಒಮ್ಮಿ ಕೂಗಿದಿ ಅಂದ್ರ ಸೊಲ್ಲಾಪುರಕ್ಕ ಹೊಕ್ಕಾವ."

"ಚ್ಯಾಷ್ಟಿ ಸಾಕು, ಸಾಬಣ್ಣಾ. ಮುಂದ ಹೇಳು."

ಅವನು ಗೆರೆಯೊಳಗೆ ಒಂದೊಂದಾಗಿ ಕಲ್ಲಿಟ್ಟ. ಇದು ಸಾತ ಮಂಜಿಲ, ಅಂತಸ್ತಿನ ಮೇಲೆ ಅಂತಸ್ತು, ಮೇಲಿನವು ಬಿದ್ದು ಹೋಗಿವೆ. ಇದು ಆನಂದ ಮಹಲ್. ಇದು ಗಗನ ಮಹಲ್.

"ಇದರ ಬಾಗಲಾ ಎಲ್ಲಿ?"

"ಬಾಗಲಾ ಅಲ್ಲಕ್ಕಾ, ಕಮಾನು. ಆನಿ ಮ್ಯಾಲ ಆನಿ ನಿಂತ್ರೂ ತಲಿ ಮುಟ್ಟೂದಿಲ್ಲ, ಅಂಥಾ ಕಮಾನು. ಕದಾ ಇಲ್ಲ, ಮ್ಯಾಲ ಮಾಳಗೀನೂ ಇಲ್ಲ. ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಬೀಳಬೌದು."

ಉಡಚವ್ವ ಆ ಕಲ್ಲನ್ನೇ ನೋಡುತ್ತ ಕುಳಿತಳು. "ಕದಾ ಇಲ್ಲದ ಮನಿ" ಎಂದಳು. "ಯಾರು ಒಳಗದಾರ, ಯಾರು ಹೊರಗದಾರ, ಹೆಂಗ ತಿಳಿಬೇಕೋ ಅಣ್ಣಾ?"

ಮಲ್ಲಿಕಸಾಬ ಕುದುರೆಯ ಕೊರಳು ತಟ್ಟಿ ಬೇರೆ ಮಾತು ತೆಗೆದ. "ಗೋಲಗುಮ್ಮಟಕ್ಕ ಹೋಗ್ರಿ, ಅಲ್ಲಿ ಕೂಗು. ನಿನ್ನ ದನಿ ಮತ್ತ ಮತ್ತ ಹೊಳ್ಳಿ ಬರತೈತಿ."

"ದನಿ ಹೊಳ್ಳಿ ಬಂದ್ರ ಏನ ಮಾಡ್ಲಿ? ಕೂಸು ಹೊಳ್ಳಿ ಬರಬೇಕು."

ನಮ್ಮ ಬಾಗಿಲಲ್ಲಿ ಗಂಟು ಬಿಚ್ಚಿದವಳು ಮತ್ತೆ ಅದೇ ಅಂಚನ್ನು ತಡವಿ ನೋಡಿದಳು. ಅಂಜಿಕೆಯೇ ಎಂದು ಕೇಳಿದೆ. "ಓಣಿ ಅಂದ್ರ ನನಗ ಗೊತ್ತರೀ. ಒಂದು ಬಾಗಲಾ ಆದ ಮ್ಯಾಲ ಒಂದು ಬಾಗಲಾ. ಅಲ್ಲಿ ಏನ ಹಿಡಕೊಂಡು ನಿಂದ್ರಲಿ?" ಎಂದಳು.

ಅಂಬಾಬಾಯಿಯವರು ಜಾಣರು. ಮೊದಲು ಒಂದು ದಿನದ ರೂಢಿಯಾಗಲೆಂದು ಹುಡುಗಿಯರನ್ನೆಲ್ಲ ಕೆಲಗೇರಿ ಕೆರೆಗೆ ಕರೆದೊಯ್ದರು. ವಿಜಾಪುರದಲ್ಲಿ ಹೇಗೋ ಇಲ್ಲಿಯೂ ಹಾಗೆ: ಸಾಲು ಹಿಡಿದು ನಡೆಯುವುದು, ತಮ್ಮ ತಮ್ಮ ಬುತ್ತಿ ಹೊರುವುದು, ಸಾಲಿಯ ಕೊಡದ ನೀರನ್ನಷ್ಟೇ ಕುಡಿಯುವುದು. ಮಡಿಯವರ ಮನೆಗಳಿಂದ ಹಾಲಿನಲ್ಲಿ ಹಿಟ್ಟು ಕಲಸಿದ ದಶಮಿ, ಗುರೆಳ್ಳು ಹಿಂಡಿ, ಕೆಂಪು ಖಾರ ಬಂದವು. ಬಡಿಸಲೆಂದು ನಾವು ಒಂದಿಬ್ಬರು ತಾಯಂದಿರೂ ಹೋದೆವು.

ಊಟವಾದ ಮೇಲೆ ಹುಡುಗಿಯರು ಏರಿಯ ಕೆಳಗಿನ ಆಲದ ಮರದಲ್ಲಿ ಕೋಟೆಯಾಟ ಹೂಡಿದರು. ಬಿಳಲುಗಳೇ ಕಮಾನು. ದ್ವಾರಕಾ ರಾಣಿಯಾದಳು. ಯಾರು ಮಂತ್ರಿ, ಯಾರು ಸರದಾರ ಎಂದು ಜಗಳವೂ ನಡೆಯಿತು. ನಾವು ಪಾತ್ರೆ ತೊಳೆಯುತ್ತ ನಗುತ್ತಿದ್ದೆವು. ಬಿಸಿಲು ಬಾಗಿದಾಗ ಬಾಯಿಯವರು ಹೊರಡಲು ಹೇಳಿದರು. ಉಡಚವ್ವ ಏರಿಯ ಮೇಲೆ ನಿಂತು ಸೆರಗಿನ ಒಂದೊಂದೇ ಗಂಟು ಹಿಡಿದು ಕರೆಯತೊಡಗಿದಳು. "ಸುಹಾಸಿನೀ..." "ಬಂದೆ!" "ದ್ವಾರಕಾ..." "ಬಂದೆ!" ಹಿಡಿದ ಪ್ರತಿ ಗಂಟಿಗೂ ಒಂದು ದನಿ ಓಗೊಟ್ಟಿತು. ಸಾಲು ಹೊರಟಿತು.

ಊರಿನ ಮೊದಲ ಮನೆಗಳು ಕಾಣುವಷ್ಟು ದೂರ ಬಂದಿದ್ದೆವು. ನನ್ನ ಮಗಳು ಹಿಂದೆ ತಿರುಗಿ, "ದ್ವಾರಕಾ, ಚಂಪಾ ಎಲ್ಲೆ?" ಎಂದಳು.

"ಮುಂದ ಇರಬೇಕು" ಎಂದಳು ದ್ವಾರಕಾ.

ಮುಂದೆ ಇರಲಿಲ್ಲ. ಹಿಂದೆಯೂ ಇರಲಿಲ್ಲ. ಉಡಚವ್ವ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಗಂಟುಗಳನ್ನು ತಡವಿದಳು. ಎಲ್ಲವೂ ಇದ್ದವು. ಗಂಟು ಇದ್ದು ಕೂಸು ಇಲ್ಲ ಎಂಬುದು ಅವಳ ಬುದ್ಧಿಗೆ ಇಳಿಯಲು ಒಂದು ಗಳಿಗೆ ಬೇಕಾಯಿತು. ಆ ಗಳಿಗೆಯಲ್ಲಿ ಅವಳ ಮುಖ ಹೇಗಿತ್ತೆಂದು ಬರೆಯಲಾರೆ. ತಿರುಗಿ ಕೆರೆಯ ಕಡೆಗೆ ಓಡಿದಳು. ಅಷ್ಟು ವಯಸ್ಸಿನ ಹೆಂಗಸು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಹುಡುಗಿಯರನ್ನು ಬಾಯಿಯವರ ಬಳಿ ಬಿಟ್ಟು ನಾನೂ ಹಿಂದೆ ಓಡಿದೆ.

ಕೆರೆ ತುಂಬಿತ್ತು. ಅಗಸರ ಕಲ್ಲಿನ ಮೇಲೆ ಚಂಪಾಳ ಬುತ್ತಿಯ ಅರಿವೆ ಒದ್ದೆಯಾಗಿ ಬಿದ್ದಿತ್ತು. ಕೂಸು ಅದನ್ನು ತೊಳೆಯಲು ನೀರಿಗೆ ಇಳಿದಿದ್ದಳು ಎಂಬುದಷ್ಟೇ ಅದರಿಂದ ತಿಳಿಯಿತು, ಮೇಲೆ ಬಂದಳೋ ಇಲ್ಲವೋ ತಿಳಿಯಲಿಲ್ಲ. ನೀರಿನ ಮೇಲೆ ಒಂದು ಅಲೆಯೂ ಇರಲಿಲ್ಲ. ಉಡಚವ್ವ ಮೊಳಕಾಲ ಮಟ ನೀರಿಗೆ ಇಳಿದು ನಿಂತು, ಜೀವಮಾನದಲ್ಲಿ ಮೊದಲ ಸಲ ಆ ಹೆಸರು ಹಿಡಿದು ಕೂಗಿದಳು.

"ಚಂಪಾ...! ಚಂಪವ್ವಾ...!"

"ಬಂದೆ!"

ದನಿ ಬಂದದ್ದು ಏರಿಯ ಕೆಳಗಿನಿಂದ. ಆಲದ ಬಿಳಲುಗಳ ನಡುವೆ ಆರು ವರ್ಷದ ಚಂಪಾ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು, ಕೈಯಲ್ಲಿ ಕತ್ತಿಯ ಬದಲು ಒಂದು ಒಣ ಟೊಂಗೆ. ಅಕ್ಕ ಅವಳನ್ನು ಕೋಟೆಯ ಪಹರೆಗೆ ಕೂರಿಸಿ, ಕರೆಯುವ ತನಕ ಏಳಬೇಡ ಎಂದಿದ್ದಳು. ಆಟ ಮುರಿದ ಮೇಲೆ ಅಕ್ಕನಿಗೆ ಮರೆತುಹೋಯಿತು.

"ನಾ ಎಲ್ಲಾ ಕೇಳಿದೆ" ಎಂದಳು ಚಂಪಾ. "ಎಲ್ಲಾರ ಹೆಸರೂ ಬಂತು. ನನ್ನ ಹೆಸರು ಬರಲೇ ಇಲ್ಲ. ಕರೀದ ಹೆಂಗ ಬರ್ಲಿ?"

ಉಡಚವ್ವ ಕೂಸನ್ನು ಎದೆಗೆ ಅವಚಿಕೊಂಡು ಆಲದ ಬೇರಿನ ಮೇಲೆ ಕುಸಿದಳು. ಆಮೇಲೆ ಅವಳೇ ಬಿಡಿಸಿ ಹೇಳಿದಳು: ತಂದೆಯ ಗಂಟು ಬಾಗಿಲಿಗೊಂದು, ಆಡಿಗೊಂದಲ್ಲ. ಒಂದು ಮನೆಯ ಆಡು ಒಂದನ್ನೊಂದು ಬಿಟ್ಟು ಹೋಗುವುದಿಲ್ಲ. ಒಂದು ಸಿಕ್ಕರೆ ಎಲ್ಲ ಸಿಕ್ಕ ಹಾಗೆ. ಓಣಿಯಲ್ಲಿ ಅಕ್ಕತಂಗಿಯರೂ ಹಾಗೆಯೇ, ದೊಡ್ಡವಳನ್ನು ಕರೆದರೆ ಚಿಕ್ಕವಳು ಕೈಹಿಡಿದು ಬರುತ್ತಾಳೆ. "ಆಡಿನ ಗಂಟು ಕೂಸಿಗೆ ಹಾಕಿದ್ನಲ್ಲರೀ" ಎಂದು ಹಣೆ ಹಣೆ ಬಡಿದುಕೊಂಡಳು.

ಕೂಸು ಸಿಕ್ಕಿತು, ಸುಮ್ಮನಿರೋಣ ಎಂದು ನಾವು ಹೇಳಿದೆವು. ಉಡಚವ್ವ ಒಪ್ಪಲಿಲ್ಲ. ಒದ್ದೆ ಸೀರೆಯಲ್ಲೇ ರಾಯರ ಬಾಗಿಲಿಗೆ ಹೋಗಿ, ಹುಡುಗಿಯರು ಬಾಯಿ ತೆರೆಯುವ ಮೊದಲು ನಡೆದದ್ದನ್ನು ತಾನೇ ಹೇಳಿದಳು. ರಾಯರು ಗೋಡೆಗೆ ಕೈಕೊಟ್ಟು ನಿಂತರು. ಅವರ ತಾಯಿ, ಮಡಿಯುಟ್ಟ ಮುದುಕಿ, ಮೊಮ್ಮಕ್ಕಳನ್ನು ಒಳಗೆ ಎಳೆದುಕೊಂಡರು.

"ನಾಳಿಂದ ನಮ್ಮ ಬಾಗಿಲಿಗೆ ಬರಬ್ಯಾಡ" ಎಂದರು. "ಸಾಲಿನೂ ಬ್ಯಾಡ, ಕಿಲ್ಲೇನೂ ಬ್ಯಾಡ."

ಮರುದಿನದಿಂದ ಉಡಚವ್ವ ಆ ಬಾಗಿಲ ಮುಂದೆ ತಲೆ ತಗ್ಗಿಸಿ ದಾಟುತ್ತಿದ್ದಳು. ಸುದ್ದಿ ಓಣಿ ತುಂಬಿತ್ತು. ಬೇರೆ ಒಂದೆರಡು ಬಾಗಿಲುಗಳೂ ಮುಚ್ಚಿದವು. ಅವಳು ಅಂಬಾಬಾಯಿಯವರ ಮುಂದೆ ನಿಂತು, "ನಾ ವಿಜಾಪುರಕ್ಕ ಒಲ್ಲೆರೀ ಬಾಯಾರ. ಬ್ಯಾರೆ ಯಾರನರ ನೋಡ್ರಿ" ಎಂದಳು. ಬೇರೆ ಯಾರೂ ಇರಲಿಲ್ಲ. ಬಾಯಿಯವರು ಪ್ರವಾಸದ ಮಾತೇ ಎತ್ತುವುದನ್ನು ಬಿಟ್ಟರು. ನನ್ನ ಮಗಳು ಅತ್ತಳು. ನಾನು ಸಮಾಧಾನ ಹೇಳಿದೆ, ಆದರೆ ಒಳಗೊಳಗೇ ಹಗುರಾಗಿದ್ದೆ. ಹುಲ್ಲು ಮುಚ್ಚಿದ ಬಾವಿ ನನ್ನ ಮಗಳಿಂದ ದೂರ ಉಳಿಯಿತಲ್ಲ ಎಂದು.

ಮಲ್ಲಿಕಸಾಬನಿಗೆ ಮಾತ್ರ ಸಿಟ್ಟು. ನಮ್ಮ ಓಣಿಯಲ್ಲಿ ಟಾಂಗಾ ನಿಲ್ಲಿಸಿ ಅವಳಿಗೆ ಕೇಳುವಂತೆ ಅಂದ: "ನಮ್ಮ ಶಮೀಮ ನೀರಿಗೆ ಹೊಸಾ ಹಗ್ಗ, ಹೊಸಾ ಕೊಡಪಾನ ಹೊಂದಿಸಿ ಇಟ್ಟಾಳ. ಧಾರವಾಡದ ಹುಲಿ ಕಿಲ್ಲೇ ನೋಡದನ ಹೆದರಿತು ಅಂತ ಕಾಗದ ಹಾಕ್ಲೇನು?"

"ಹಾಕೋ ಅಣ್ಣಾ" ಎಂದಳು ಉಡಚವ್ವ. "ಖರೇನ ಹೆದರೇನಿ."

ಎಷ್ಟು ದಿನ ಹೀಗೆ ನಡೆಯಿತೋ. ಒಂದು ಮುಂಜಾನೆ ನಮ್ಮ ಬಾಗಿಲಲ್ಲಿ ಗಂಟು ಹಾಕಿ, ರಾಯರ ಮನೆ ದಾಟಿ ಅವಳು ಮುಂದೆ ಹೋಗಿದ್ದಳು. ಮುಚ್ಚಿದ ಕದದ ಹಿಂದಿನಿಂದ ಸಣ್ಣ ದನಿಯೊಂದು ಕೂಗಿತು.

"ಉಡಚವ್ವಾ!"

ಉಡಚವ್ವ ಕಂಬದ ಹಾಗೆ ನಿಂತುಬಿಟ್ಟಳು. ಕದ ತೆರೆಯಿತು. ಬಾಗಿಲಲ್ಲಿ ಅಜ್ಜಿ. ಅವರ ಹಿಂದೆ ಹೊಸ್ತಿಲ ಒಳಗೆ ನೆಲದ ಮೇಲೆ ಚಂಪಾ, ಜಡೆ ಹೆಣೆಸಿಕೊಂಡು, ಪಾಟಿಚೀಲ ತೊಡೆಯ ಮೇಲೆ ಇಟ್ಟುಕೊಂಡು, ಕೆರೆಯ ಆಲದ ಕೆಳಗೆ ಕುಳಿತಂತೆಯೇ ಕುಳಿತಿದ್ದಳು.

"ನೋಡು ಈಕೀನ್ನ" ಎಂದರು ಅಜ್ಜಿ. ದನಿ ಗಡುಸಾಗಿಯೇ ಇತ್ತು. "ದಿನಾ ನಸಿಕಿನ್ಯಾಗ ಎದ್ದು ಹಿಂಗ ಬಂದು ಕೂಡ್ತಾಳ. ಏಳವಾ ಅಂದ್ರ, ಉಡಚವ್ವ ನನ್ನ ಹೆಸರು ಹಿಡದು ಕರಿಬೇಕು ಅಂತಾಳ. ನೀ ಕರ್ಯಂಗಿಲ್ಲ, ಇಕಿ ಏಳಂಗಿಲ್ಲ. ನಾ ಎಷ್ಟು ದಿನಾ ಅಂತ ನೋಡ್ಲಿ?"

ಉಡಚವ್ವ ಹೊಸ್ತಿಲ ಹತ್ತಿರಕ್ಕೆ ಹಿಂದಿರುಗಿ ಬಂದಳು.

"ಕರಿ" ಎಂದರು ಅಜ್ಜಿ. "ಇಬ್ಬರನ್ನೂ ಬ್ಯಾರೆ ಬ್ಯಾರೆ ಕರಿ. ಕೇಳೋಣಂತ."

ಆ ದಿನ ಆ ಬಾಗಿಲಲ್ಲಿ ಎರಡು ಗಂಟು ಬಿದ್ದವು. ನಾನು ಕಟ್ಟೆಯ ಮೇಲೆ ನಿಂತು ನೋಡಿದೆ. ಎರಡನೆಯ ಗಂಟು ಹಾಕುವಾಗ ಚಂಪಾ ತನ್ನ ಪುಟ್ಟ ಬೆರಳಿನಿಂದ ಅದನ್ನು ಒತ್ತಿ ನೋಡಿದಳು, ಉಡಚವ್ವ ಒತ್ತುವ ಹಾಗೆಯೇ.

ಮುಚ್ಚಿದ್ದ ಉಳಿದ ಬಾಗಿಲುಗಳೂ ಒಂದೊಂದಾಗಿ ತೆರೆದವು. ವಿಜಾಪುರದ ಮಾತು ಮತ್ತೆ ಎದ್ದಿದೆ. ನಾಡಿದ್ದೇ ಹೊರಡುವುದು. ಅಜ್ಜಿ ಚಂಪಾಳಿಗೂ ದಶಮಿ ಮಾಡಿ ಕೊಡುತ್ತಾರಂತೆ. ಸಾತ ಮಂಜಿಲ ಯಾರೂ ಏರುವಂತಿಲ್ಲ ಎಂದು ಅಂಬಾಬಾಯಿಯವರು ಹೇಳಿಬಿಟ್ಟಿದ್ದಾರೆ. ಗಗನ ಮಹಲಿನ ಮುಂದೆ ಎಲ್ಲರನ್ನೂ ಕೂರಿಸಿ ಪಾಠ, ಅಲ್ಲೇ ಊಟ, ಅಲ್ಲಿಂದ ಏಳುವಾಗ ಒಬ್ಬೊಬ್ಬಳ ಹೆಸರೂ ಕರೆಯುವುದು. ಶಮೀಮಳ ಮನೆಯ ಬಾವಿಯಿಂದ ಯಾರು ನೀರು ಸೇದಬೇಕು, ಯಾರು ಹೊರಬೇಕು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮುಗಿದೀತು. ಬಾಯಾರಿದ ಮಕ್ಕಳ ಮುಂದೆ ಅಂಥ ಚರ್ಚೆ ಬಹಳ ಹೊತ್ತು ನಿಲ್ಲುವುದಿಲ್ಲ.

ನನ್ನ ಹೆದರಿಕೆ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಒಲೆಯ ಮೇಲೆ ಬೇಳೆ ಉಕ್ಕುತ್ತಿದೆ, ಇದನ್ನು ಬರೆಯುತ್ತ ಎರಡು ಸಲ ಎದ್ದು ಹೋಗಿ ಮಗಳ ಗಂಟುಮೂಟೆ ಬಿಚ್ಚಿ ಮತ್ತೆ ಕಟ್ಟಿದ್ದೇನೆ. ಹೋಗುವವಳ ಹೆದರಿಕೆಯೂ ಹೋಗಿಲ್ಲ. ಈ ಮಧ್ಯಾಹ್ನ ಉಡಚವ್ವ ಬಂದು ಪಡಸಾಲೆಯಲ್ಲಿ ಕುಳಿತಿದ್ದಳು. ಮುಗದಕ್ಕೆ ಮದುವೆಯಾಗಿ ಹೋದ ಮಗಳು ಸತ್ಯವ್ವ ಪ್ರವಾಸಕ್ಕೆಂದು ತನ್ನ ಉದ್ದ ಸೆರಗಿನ ಸೀರೆ ಕಳಿಸಿದ್ದಾಳೆ. ಈಗ ಬಾಗಿಲಿಗಲ್ಲ, ಕೂಸಿಗೊಂದು ಗಂಟು. ಹಳೆಯ ಸೀರೆಯ ಸೆರಗು ಸಾಲುವುದಿಲ್ಲ. ಉಡಚವ್ವ ಹೊಸ ಅಂಚನ್ನು ಬೆರಳಿನಲ್ಲಿ ಮಡಚಿ ಮಡಚಿ ನೋಡುತ್ತಿದ್ದಳು.

"ರಾತ್ರಿ ಕಣ್ಣ ಮುಚ್ಚಿದ್ರ ಆ ಕಮಾನ ಬರತೈತ್ರಿ ಅವ್ವಾರ. ನಾ ಈ ಕಡೆ ನಿಂತಿರತೇನಿ, ಕೂಸುಗಳು ಆ ಕಡೆಯಿಂದ ಹೊರಗ ಹೊಂಟಿರತಾವ."

ಹಾಗಾದರೆ ಯಾಕೆ ಹೋಗುತ್ತೀ ಎಂದು ಕೇಳಿದೆ.

"ಹೆದರಾಕಿನ ಹೋಗಬೇಕ್ರಿ. ಹೆದರದಾಕಿ ಹೋದ್ರ ಕಿಲ್ಲೇ ನೋಡಕೊಂತ ನಿಂದ್ರತಾಳ."

"ಅಷ್ಟು ದೂರ ಹೋಗಿ ನೀ ಅರಮನೆ ನೋಡೂದಿಲ್ಲೇನು?"

"ನನಗ್ಯಾಕ್ರೀ ಅರಮನಿ. ನಾ ಅದಕ್ಕ ಬೆನ್ನ ಮಾಡಿ, ಹುಡುಗ್ಯಾರ ಕಡೆ ಮಾರಿ ಮಾಡಿ ನಿಂದ್ರಾಕಿ. ಹೆಂಗಿತ್ತು ಅಂತ ಆಮ್ಯಾಲ ಚಂಪವ್ವ ಹೇಳತಾಳಂತ."

ಸೀರೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಎದ್ದಳು. ಹೊಸ್ತಿಲು ದಾಟಿ, ಅಂಗಳದಲ್ಲಿ ನಿಂತು, ಓಣಿಯ ಬಾಗಿಲುಗಳನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದಳು.

"ನನ್ನ ಆಶಾ ಒಂದರೀ" ಎಂದಳು. "ಹೊಳ್ಳಿ ಬಂದ ದಿನಾ ಈ ಓಣ್ಯಾಗ ಕಡೀ ಗಂಟು ಬಿಚ್ಚಬೇಕು. ಸೆರಗ ಝಾಡಿಸಿ, ತಲಿ ತುಂಬ ಹೊತ್ಕೊಂಡು ಮನಿಗೆ ಹೋಗಬೇಕು."